210 ಫ್ರಾಂಕಿನ ಸೂರ್ಯೋದಯ

ಆ ಮಂಗಳವಾರ ಬೆಳಿಗ್ಗೆ ನನಗೆ ನಲವತ್ತೊಂದನೇ ರಿಜೆಕ್ಷನ್ ಮೇಲ್ ಬಂತು. ಫ್ರೆಂಚ್ ಮೇಲ್‌ಗಳನ್ನು ಪೂರ್ತಿ ಓದುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಎರಡನೇ ಸಾಲಿನಲ್ಲಿ ದುರದೃಷ್ಟವಶಾತ್ ಅನ್ನುವ ಅರ್ಥದ ಉದ್ದನೆಯ ಪದವೊಂದು ಇರುತ್ತದೆ. ಅದು ಕಣ್ಣಿಗೆ ಬಿದ್ದರೆ ಸಾಕು, ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದೆ.

ಪ್ಯಾರಿಸ್‌ನಲ್ಲಿ ನನ್ನ ಮಾಸ್ಟರ್ಸ್ ಮುಗಿದು ಏಳು ತಿಂಗಳಾಗಿತ್ತು. ಕೆಲಸ ಹುಡುಕಿಕೊಳ್ಳಲು ಕೊಟ್ಟ ವೀಸಾ ಒಂದು ವರ್ಷದ್ದು. ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ಅಮ್ಮನ ನಾಲ್ಕು ಬಳೆ ನನ್ನ ಓದಿಗಾಗಿ ಗಿರವಿಗೆ ಹೋಗಿದ್ದವು. ಮನೆಗೆ ಫೋನ್ ಮಾಡಿದಾಗಲೆಲ್ಲ ಎರಡನೇ ರೌಂಡ್ ಇಂಟರ್‌ವ್ಯೂ ಇದೆ, ಆಗಿಬಿಡುತ್ತೆ ಅನ್ನುತ್ತಿದ್ದೆ. ಯಾವ ಕಂಪನಿಯ ಎರಡನೇ ರೌಂಡೂ ನನಗೆ ಸಿಕ್ಕಿರಲಿಲ್ಲ. ರೂಮಿನ ಬಾಡಿಗೆಯಲ್ಲಿ ನನ್ನ ಪಾಲನ್ನು ಮೂರು ತಿಂಗಳಿಂದ ಕಟ್ಟುತ್ತಿದ್ದವರು ಜೊತೆಯಲ್ಲಿದ್ದ ಬೆಳಗಾವಿಯ ಅಕ್ಕ. ಅವರ ಆಫೀಸಿನಲ್ಲಿ ಸಿಬ್ಬಂದಿಗೆ ಮ್ಯೂಸಿಯಂ ಟಿಕೆಟ್ ಹಂಚಿದ್ದರು. ಅದನ್ನು ನನ್ನ ಕೈಗಿಟ್ಟು, ಈ ಕೋಣೆಯಲ್ಲೇ ಕೂತರೆ ಹುಚ್ಚು ಹಿಡಿಯುತ್ತದೆ, ಹೋಗಿ ಬಾ ಎಂದು ಹೆಚ್ಚುಕಡಿಮೆ ಹೊರಗೆ ತಳ್ಳಿದರು.

ಟಿಕೆಟ್ ಮೇಲೆ ಮ್ಯೂಸೆ ಮಾರ್ಮೊತ್ತಾಂ ಮೊನೆ ಎಂದಿತ್ತು. ಮೊನೆ ಅಂದರೆ ಕ್ಲೋದ್ ಮೊನೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂತಿದ್ದಾಗ ನಮ್ಮ ಮೇಷ್ಟ್ರು ಈ ಹೆಸರು ಹೇಳಿದ್ದರು. ಪೆನ್ಸಿಲ್ಲಿನ ಮೊನೆ ನೆನಪಿಟ್ಟುಕೊಂಡರೆ ಇವನ ಹೆಸರೂ ನೆನಪಿರುತ್ತೆ ಅನ್ನುವುದು ಅವರ ಉಪಾಯ. ಆಮೇಲೆ ಅದೇ ಹೆಸರು ಸಿಕ್ಕಿದ್ದು ರೀಲ್ಸ್‌ಗಳಲ್ಲಿ. ನೂರು ಬಾರಿ ತಿರಸ್ಕೃತನಾದವನು ಕೊನೆಗೆ ಜಗತ್ತನ್ನೇ ಗೆದ್ದ ಅನ್ನುವ ಥರದ, ಹಿಂದೆ ಪಿಯಾನೋ ಬಾರಿಸುವ ವಿಡಿಯೊಗಳು. ಕೆಲಸ ಸಿಗದವರಿಗೆ ಇಂಥವು ಫೋನಿನಲ್ಲಿ ತಾನಾಗೇ ಬರುತ್ತಿರುತ್ತವೆ, ನಿಮಗೂ ಗೊತ್ತಿರಬಹುದು. ನಿಜ ಹೇಳಬೇಕೆಂದರೆ, ಅಂಥದೇ ಒಂದು ಡೋಸ್ ಸಿಗಲಿ ಎಂದುಕೊಂಡೇ ನಾನು ಮೆಟ್ರೊ ಹತ್ತಿದ್ದು.

ಒಂಬತ್ತನೇ ಲೈನಿನ ಲಾ ಮ್ಯುಯೆಟ್ ಸ್ಟೇಷನ್ನಿನಲ್ಲಿ ಇಳಿದು, ರಾನ್ಲಾಗ್ ಅನ್ನುವ ಪಾರ್ಕಿನ ಮರಗಳ ಕೆಳಗೆ ಐದಾರು ನಿಮಿಷ ನಡೆದರೆ ಮ್ಯೂಸಿಯಂ. ಲೂವ್ರ್ ನೋಡಿದವರಿಗೆ ಇದು ಮ್ಯೂಸಿಯಂ ಅನ್ನಿಸುವುದೇ ಇಲ್ಲ, ಯಾರೋ ಸಾಹುಕಾರರ ಮನೆಗೆ ಬಂದ ಹಾಗಿರುತ್ತದೆ. ನಿಜಕ್ಕೂ ಅದು ಮನೆಯೇ. ಹಿಂದೆ ಒಬ್ಬ ಡ್ಯೂಕ್‌ನ ಬೇಟೆಮನೆಯಾಗಿದ್ದದ್ದನ್ನು 1882ರಲ್ಲಿ ಜ್ಯೂಲ್ ಮಾರ್ಮೊತ್ತಾಂ ಕೊಂಡ. ಅವನ ಮಗ ಪಾಲ್‌ಗೆ ನೆಪೋಲಿಯನ್ ಕಾಲದ ಕುರ್ಚಿ, ಮಂಚ, ಗಡಿಯಾರ ಕೂಡಿಡುವ ಹುಚ್ಚು. 1932ರಲ್ಲಿ ಪಾಲ್ ತೀರಿಕೊಂಡಾಗ ಮನೆಯನ್ನು ಸಾಮಾನು ಸಮೇತ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಬಿಟ್ಟುಹೋದ. ಎರಡು ವರ್ಷದ ನಂತರ ಅದು ಮ್ಯೂಸಿಯಂ ಆಯಿತು. ಅಲ್ಲಿಗೂ ಮೊನೆಗೂ ಏನೇನೂ ಸಂಬಂಧವಿರಲಿಲ್ಲ. ಈಗ ಮೊನೆಯ ಕೃತಿಗಳ ಜಗತ್ತಿನ ಅತಿ ದೊಡ್ಡ ಸಂಗ್ರಹ ಇರುವುದು ಇಲ್ಲೇ, ಸುಮಾರು ನೂರು. ಅವು ಇಲ್ಲಿಗೆ ಬಂದದ್ದು ಮುಖ್ಯವಾಗಿ ಇಬ್ಬರಿಂದ: ಒಬ್ಬ ಡಾಕ್ಟರು ಮತ್ತು ಒಂದು ಮಗು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೇಲಿನ ಕೋಣೆಗಳನ್ನು ಬೇಗ ದಾಟಿದೆ. ಬೆರ್ತ್ ಮೊರಿಸೊ ಎಂಬ ಚಿತ್ರಕಾರ್ತಿಯ ಚಿತ್ರಗಳಿರುವ ಕಡೆ ಮಾತ್ರ ಸ್ವಲ್ಪ ನಿಂತೆ. ಮೊನೆಯ ಗುಂಪಿನಲ್ಲಿ ಮೊದಲಿಂದಲೂ ಇದ್ದ ಈ ಹೆಂಗಸಿನ ಹೆಸರನ್ನು ಯಾವ ರೀಲ್ಸೂ ಹೇಳಿರಲಿಲ್ಲ. ಆಮೇಲೆ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದೆ. ಮೊನೆಗಾಗಿಯೇ ಮಾಡಿದ ದೊಡ್ಡ ಹಾಲ್ ಅದು.

ಮೊದಲು ಹುಡುಕಿದ್ದು ಆ ಪ್ರಸಿದ್ಧ ಚಿತ್ರವನ್ನೇ. ಹೆಸರು ಇಂಪ್ರೆಷನ್, ಸೂರ್ಯೋದಯ. 48 ಸೆಂಟಿಮೀಟರ್ ಎತ್ತರ, 63 ಸೆಂಟಿಮೀಟರ್ ಅಗಲ, ನಮ್ಮ ಮನೆಯ ಗೋಡೆ ಕ್ಯಾಲೆಂಡರಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಬೂದು ನೀಲಿ ಮಂಜು, ಮಸುಕಾದ ಹಡಗುಗಳು, ಕ್ರೇನುಗಳು, ಹೊಗೆ, ಎರಡು ಮೂರು ಸಣ್ಣ ದೋಣಿ. ಮಧ್ಯೆ ಕಿತ್ತಳೆ ಬಣ್ಣದ ಒಂದು ಬೊಟ್ಟು, ನೀರಿನಲ್ಲಿ ಅದರದೇ ಬಣ್ಣದ ನಾಲ್ಕೈದು ಗೀಟು. ಒಂದು ಇಡೀ ಕಲಾಪಂಥಕ್ಕೆ ಹೆಸರು ಕೊಟ್ಟ ಚಿತ್ರ ಇದು ಎಂದು ಗೊತ್ತಿಲ್ಲದಿದ್ದರೆ, ಯಾರೋ ಅವಸರದಲ್ಲಿ ಬರೆದು ಎದ್ದುಹೋಗಿದ್ದಾರೆ ಅನ್ನಿಸುತ್ತದೆ. ಅಂದಿನವರಿಗೂ ಹಾಗೇ ಅನ್ನಿಸಿತ್ತು.

ಆ ಬಂದರು ಲೆ ಆವ್ರ್. ಮೊನೆ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1840ರ ನವೆಂಬರ್ 14ರಂದು. ಐದು ವರ್ಷದವನಿದ್ದಾಗ ಅವನ ಮನೆಯವರು ಈ ಬಂದರು ಪಟ್ಟಣಕ್ಕೆ ಬಂದರು. ಅಪ್ಪ ಅಲ್ಲಿ ಹಡಗುಗಳಿಗೆ ದಿನಸಿ ಒದಗಿಸುವ ಬಂಧುಗಳ ವ್ಯಾಪಾರಕ್ಕೆ ಸೇರಿಕೊಂಡ. ಹುಡುಗನಿಗೆ ಓದು ಹತ್ತಲಿಲ್ಲ. ಪುಸ್ತಕದ ಅಂಚಿನಲ್ಲಿ ಮೇಷ್ಟ್ರುಗಳ ವ್ಯಂಗ್ಯಚಿತ್ರ ಬರೆಯುತ್ತಿದ್ದ. ಹದಿನೈದು ಹದಿನಾರರ ಹೊತ್ತಿಗೆ ಊರಿನ ದೊಡ್ಡ ಮನುಷ್ಯರ ವ್ಯಂಗ್ಯಚಿತ್ರ ಬರೆದು, ಒಂದಕ್ಕೆ ಹತ್ತು ಇಪ್ಪತ್ತು ಫ್ರಾಂಕ್ ತೆಗೆದುಕೊಳ್ಳುತ್ತಿದ್ದ. ಫ್ರೇಮ್ ಹಾಕುವವನ ಅಂಗಡಿಯ ಗಾಜಿನಲ್ಲಿ ಅವನ್ನು ನೇತು ಹಾಕುತ್ತಿದ್ದರು, ಜನ ಬಂದು ನೋಡಿ ನಗುತ್ತಿದ್ದರು. ಅಂದರೆ ಅವನ ಮೊದಲ ಗಳಿಕೆ ಸೋಲಿನಿಂದ ಶುರುವಾಗಲಿಲ್ಲ. ಹದಿಹರೆಯದಲ್ಲೇ ಚೆನ್ನಾಗಿ ಸಂಪಾದಿಸುತ್ತಿದ್ದ ಫ್ರೀಲ್ಯಾನ್ಸರ್ ಅವನು.

ಅದೇ ಅಂಗಡಿಯಲ್ಲಿ ಯೂಜೀನ್ ಬೂದಾಂ ಎಂಬ ಚಿತ್ರಕಾರ ಸಿಕ್ಕ. ಸಮುದ್ರ, ಮೋಡ, ದಡದ ಜನ, ಇವನ್ನೆಲ್ಲ ಬಯಲಲ್ಲೇ ಕೂತು ಬರೆಯುತ್ತಿದ್ದವನು. ಹುಡುಗನಿಗೆ ಅವನ ಚಿತ್ರಗಳು ಹಿಡಿಸುತ್ತಿರಲಿಲ್ಲ. ಬೂದಾಂ ಬಿಡದೆ ಕರೆದ. ಕೊನೆಗೆ ಒಂದು ದಿನ ಜೊತೆಗೆ ಹೋಗಿ, ಅವನು ಬಣ್ಣ ಹಚ್ಚುವುದನ್ನು ನೋಡುತ್ತ ನಿಂತಾಗ ಮೊನೆಯ ದಾರಿ ಬದಲಾಯಿತು. ಆಗ ಕೊಳವೆಯಲ್ಲಿ ತುಂಬಿದ ಬಣ್ಣ ಮಾರುಕಟ್ಟೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕೋಣೆಯಲ್ಲಿ ಅರೆದು ಕಲಸುವ ಬಣ್ಣವನ್ನು ಹೊರಗೆ ಹೊತ್ತೊಯ್ಯುವುದು ಕಷ್ಟವಿತ್ತು. ಕೊಳವೆ ಬಂದ ಮೇಲೆ ಚಿತ್ರಕಾರ ಬಯಲಿಗೆ ಹೊರಟ.

ಅಮ್ಮ 1857ರಲ್ಲೇ ತೀರಿಕೊಂಡಿದ್ದಳು. ಮಕ್ಕಳಿಲ್ಲದ ಸೋದರತ್ತೆಯೊಬ್ಬಳು ಅವನ ಬೆನ್ನಿಗೆ ನಿಂತಳು. 1859ರಲ್ಲಿ ಪ್ಯಾರಿಸ್‌ಗೆ ಹೋದ. 1861ರಲ್ಲಿ ಸೈನ್ಯದ ಲಾಟರಿಯಲ್ಲಿ ಹೆಸರು ಬಂತು, ಆಲ್ಜೀರಿಯಾಕ್ಕೆ ಹೋಗಬೇಕಾಯಿತು. ಏಳು ವರ್ಷದ ಸೇವೆ. ಒಂದು ವರ್ಷವಾಗುವಷ್ಟರಲ್ಲಿ ಕಾಯಿಲೆ ಬಿದ್ದು ವಾಪಸ್ ಬಂದ. ಉಳಿದ ವರ್ಷಗಳಿಗೆ ಹಣ ಕಟ್ಟಿ ಬಿಡಿಸಿಕೊಂಡದ್ದೂ ಅದೇ ಅತ್ತೆ. ಆದರೆ ಅವಳದೊಂದು ಷರತ್ತು: ಸರಿಯಾದ ಗುರುವಿನ ಹತ್ತಿರ ಕ್ರಮವಾಗಿ ಕಲಿಯಬೇಕು. ಹಾಗೆ ಸೇರಿದ್ದು ಗ್ಲೇರ್ ಎಂಬವನ ಸ್ಟುಡಿಯೊ. ಕಲಿತದ್ದು ಅಷ್ಟಕ್ಕಷ್ಟೆ, ಆದರೆ ಪಕ್ಕದ ಸ್ಟೂಲುಗಳಲ್ಲಿ ರೆನ್ವಾರ್, ಸಿಸ್ಲಿ, ಬಜೀಲ್ ಕೂತಿದ್ದರು. ಕಾಲೇಜು ಅಂದರೆ ಬಹಳ ಸಲ ಇದೇ ತಾನೆ.

ಈ ಬಜೀಲ್ ಬಗ್ಗೆ ಹೇಳಲೇಬೇಕು. ಅನುಕೂಲಸ್ಥರ ಮನೆಯ ಹುಡುಗ, ಡಾಕ್ಟರಾಗಲು ಬಂದು ಚಿತ್ರಕಾರನಾದವನು. ಮೊನೆ ಅವನ ರೂಮಿನಲ್ಲಿ ಮಲಗಿದ, ಅವನ ಬಣ್ಣ ಬಳಸಿದ, ಅವನ ಹತ್ತಿರ ಸಾಲ ಮಾಡಿದ. ಸಾಲ ಮಾಡಿಯೂ ಮೊನೆ ಒಳ್ಳೆ ದರ್ಜಿಯ ಹತ್ತಿರವೇ ಬಟ್ಟೆ ಹೊಲಿಸಿಕೊಳ್ಳುತ್ತಿದ್ದ, ಅಂಗಿಯ ಕೈಗೆ ಲೇಸು ಬೇರೆ!

ಆ ಕಾಲದಲ್ಲಿ ಫ್ರಾನ್ಸಿನ ಚಿತ್ರಕಾರನಿಗೆ ಸಲೂನ್ ಅನ್ನುವ ಸರ್ಕಾರಿ ಪ್ರದರ್ಶನವೇ ಎಲ್ಲ. ಅಲ್ಲಿನ ಜ್ಯೂರಿ ಒಪ್ಪಿದರೆ ಗಿರಾಕಿ, ಇಲ್ಲದಿದ್ದರೆ ಇಲ್ಲ. ಮೊನೆಯ ಎರಡು ಸಮುದ್ರ ಚಿತ್ರಗಳು 1865ರಲ್ಲಿ ಒಪ್ಪಿಗೆಯಾದವು. ಮರುವರ್ಷ ಹಸಿರು ರೇಷ್ಮೆ ಉಡುಪಿನ ಹುಡುಗಿಯ ಚಿತ್ರವೂ ಆಯಿತು, ಹೊಗಳಿಕೆಯೂ ಬಂತು. ಆ ಹುಡುಗಿ ಕಮೀಲ್ ದಾನ್ಸಿಯೊ, ಆಗಿನ್ನೂ ಹತ್ತೊಂಬತ್ತರ ಆಸುಪಾಸು. ಆಮೇಲೆ ಮೊನೆ ಒಂದು ದೊಡ್ಡ ಚಿತ್ರಕ್ಕೆ ಕೈ ಹಾಕಿದ, ತೋಟದಲ್ಲಿ ಹೆಂಗಸರು. ಎರಡೂವರೆ ಮೀಟರ್ ಎತ್ತರದ ಕ್ಯಾನ್ವಾಸು. ಬಯಲಲ್ಲೇ ಬರೆಯಬೇಕೆಂಬ ಹಟಕ್ಕೆ, ಮೇಲ್ಭಾಗ ಕೈಗೆಟುಕಲಿ ಎಂದು ತೋಟದಲ್ಲಿ ಕಾಲುವೆ ತೋಡಿಸಿ ಅದರೊಳಗೆ ಚಿತ್ರವನ್ನು ಇಳಿಸಿಕೊಂಡು ಬರೆದ. ಚಿತ್ರದ ಹೆಂಗಸರಿಗೆ ಮುಖ್ಯ ಮಾಡೆಲ್ ಕಮೀಲ್‌ಳೇ. 1867ರ ಸಲೂನ್ ಅದನ್ನು ತಿರಸ್ಕರಿಸಿತು. ಇಷ್ಟು ರೀಲ್ಸ್‌ನಲ್ಲಿ ಬರುತ್ತದೆ.

ಬಾರದ್ದು ಇದು. ಆ ಚಿತ್ರವನ್ನು 2,500 ಫ್ರಾಂಕಿಗೆ ಕೊಂಡವನು ಬಜೀಲ್. ಅಷ್ಟು ಹಣ ಒಟ್ಟಿಗೆ ಇರಲಿಲ್ಲ, ತಿಂಗಳಿಗೆ 50 ಫ್ರಾಂಕಿನ ಕಂತು. ನಾಲ್ಕು ವರ್ಷ ಮೀರುವ ಕಂತು ಅದು. ಗೆಳೆಯನಿಗೆ ದಾನ ಕೊಟ್ಟ ಹಾಗಾಗಬಾರದು, ಆದರೆ ತಿಂಗಳು ತಿಂಗಳು ಏನಾದರೂ ಕೈಸೇರಬೇಕು, ಇದಕ್ಕೆ ಬಜೀಲ್ ಕಂಡುಕೊಂಡ ದಾರಿ ಇದು ಎಂದು ನನಗನ್ನಿಸುತ್ತದೆ. ಕಂತು ತಡವಾದರೆ ಮೊನೆ ಸಿಟ್ಟಿನಿಂದ ಕಾಗದ ಬರೆಯುತ್ತಿದ್ದ. ಓದಿದಾಗ ನನಗೂ ಸಿಟ್ಟು ಬಂತು, ಬಜೀಲ್‌ನ ಪರವಾಗಿ.

ಅದೇ ವರ್ಷ ಕಮೀಲ್ ಬಸುರಿಯಾಗಿದ್ದಳು. ಅಪ್ಪನಿಗೆ ಈ ಸಂಬಂಧ ಸುತರಾಂ ಬೇಡ. ಹಣ ನಿಂತುಹೋಗುವ ಭಯಕ್ಕೆ ಮೊನೆ ಅವಳನ್ನು ಪ್ಯಾರಿಸ್‌ನಲ್ಲಿ ಬಿಟ್ಟು, ಸಮುದ್ರ ದಡದ ಅತ್ತೆಯ ಮನೆಯಲ್ಲಿ ಚಿತ್ರ ಬರೆಯುತ್ತ ಉಳಿದ. ಆಗಸ್ಟ್ 8ರಂದು ಮಗ ಜ್ಯಾನ್ ಹುಟ್ಟಿದ. ಮರುವರ್ಷ ಬಾಡಿಗೆ ಕಟ್ಟಲಾರದೆ ಕಮೀಲ್ ಮತ್ತು ಮಗುವಿನೊಂದಿಗೆ ಒಂದು ಛತ್ರದಂಥ ವಸತಿಯಿಂದ ಹೊರಬಿದ್ದ. ಹತಾಶನಾಗಿ ನೀರಿಗೆ ಹಾರಿದ್ದೆ ಎಂದು ಬಜೀಲ್‌ಗೆ ಬರೆದ. 1870ರ ಜೂನ್‌ನಲ್ಲಿ ಕಮೀಲ್‌ಳನ್ನು ಮದುವೆಯಾದ. ಆ ಬೇಸಿಗೆಯಲ್ಲಿ ತ್ರೂವಿಲ್ ಎಂಬ ಕಡಲ ದಡದಲ್ಲಿ ಅವಳನ್ನು ಬರೆದ ಚಿತ್ರವೊಂದು ಈ ಮ್ಯೂಸಿಯಂನಲ್ಲಿದೆ. ಅದರೆದುರು ನಾನು ಬಹಳ ಹೊತ್ತು ನಿಂತಿದ್ದೆ. ಮುಖದಲ್ಲಿ ವಿವರಗಳೇ ಇಲ್ಲ. ಅವಳು ಬರೆದ ಕಾಗದಗಳ ಮೂಲಕ ಅವಳನ್ನು ತಿಳಿದುಕೊಳ್ಳೋಣವೆಂದರೆ ಅಂಥ ಗಂಟೇನೂ ಉಳಿದಿಲ್ಲ. ಮೊನೆ ಬರೆದ ಕಾಗದಗಳೋ ಸಾವಿರಗಟ್ಟಲೆ.

ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಶುರುವಾಯಿತು. ಮೊನೆ ಲಂಡನ್‌ಗೆ ಹೋದ. ಬಜೀಲ್ ಸೈನ್ಯ ಸೇರಿ ಅದೇ ನವೆಂಬರ್ 28ರಂದು ಯುದ್ಧಭೂಮಿಯಲ್ಲಿ ಸತ್ತ. ವಯಸ್ಸು 28. ಐವತ್ತು ಫ್ರಾಂಕಿನ ಕಂತು ಅವನು ಬದುಕಿದ್ದರೂ ಇನ್ನೂ ಮುಗಿಯುತ್ತಿರಲಿಲ್ಲ.

ಲಂಡನ್‌ನಲ್ಲಿ ಪಾಲ್ ಡ್ಯೂರಾಂ ರುಯೆಲ್ ಎಂಬ ಕಲಾ ವ್ಯಾಪಾರಿಯ ಪರಿಚಯವಾಯಿತು. ಆತ ಕೊಳ್ಳತೊಡಗಿದ. ವಾಪಸ್ ಬಂದು ಆರ್ಜಾಂತೊಯ್ ಎಂಬಲ್ಲಿ ಮನೆ ಮಾಡಿದ ಮೇಲೆ ಮೊನೆಯ ಕೈಯಲ್ಲಿ ಹಣ ಓಡಾಡಿತು. 1873ರ ಅವನ ಗಳಿಕೆ ಪ್ಯಾರಿಸ್‌ನ ಡಾಕ್ಟರು, ವಕೀಲರ ಗಳಿಕೆಗೆ ಕಡಿಮೆಯಿರಲಿಲ್ಲ. ಉಪವಾಸ ಬಿದ್ದ ಕಲಾವಿದ ಎಂಬ ಕಥೆ ಅರ್ಧ ಮಾತ್ರ ನಿಜ. ಇನ್ನರ್ಧ, ಬಂದ ಹಾಗೇ ಖರ್ಚು ಮಾಡುತ್ತಿದ್ದ ಮನುಷ್ಯನ ಕಥೆ. ಮನೆಗೆಲಸಕ್ಕೆ ಆಳು, ತೋಟಕ್ಕೆ ಮಾಲಿ, ಮೇಜಿನ ಮೇಲೆ ಒಳ್ಳೆ ವೈನು.

ಡ್ಯೂರಾಂ ರುಯೆಲ್ ಕೈ ಕಟ್ಟಿಹೋಗಿ ಕೊಳ್ಳುವುದು ನಿಲ್ಲಿಸಿದಾಗ, ಗೆಳೆಯರೆಲ್ಲ ಸೇರಿ ಸಲೂನ್‌ನ ಹಂಗಿಲ್ಲದೆ ತಾವೇ ಒಂದು ಪ್ರದರ್ಶನ ಮಾಡಿದರು. 1874ರ ಏಪ್ರಿಲ್ 15, ನದಾರ್ ಎಂಬ ಫೋಟೊಗ್ರಾಫರ್ ಖಾಲಿ ಮಾಡಿದ್ದ ಸ್ಟುಡಿಯೊ. ಕ್ಯಾಟಲಾಗ್ ಮಾಡುತ್ತಿದ್ದ ರೆನ್ವಾರ್‌ನ ತಮ್ಮ ಈ ಬಂದರಿನ ಚಿತ್ರಕ್ಕೆ ಹೆಸರೇನು ಎಂದು ಕೇಳಿದಾಗ, ಇದನ್ನು ಲೆ ಆವ್ರ್‌ನ ನೋಟ ಎನ್ನಲು ಬರುವುದಿಲ್ಲವೆಂದು ಮೊನೆ ಇಂಪ್ರೆಷನ್ ಎಂದು ಹಾಕಿಸಿದ. ಮನಸ್ಸಿನ ಮೇಲೆ ಬಿದ್ದ ಅಚ್ಚು ಅಂತಿಟ್ಟುಕೊಳ್ಳಿ. ಲೂಯಿ ಲರ್ವಾ ಎಂಬ ಪತ್ರಕರ್ತ ಆ ಪದವನ್ನೇ ಹಿಡಿದು, ಇವರೆಲ್ಲ ಇಂಪ್ರೆಷನಿಸ್ಟರು ಎಂದು ಲೇವಡಿ ಮಾಡಿದ. ಗೋಡೆಗೆ ಅಂಟಿಸುವ ಕಾಗದದ ಕಚ್ಚಾ ನಮೂನೆಯೇ ಇದಕ್ಕಿಂತ ಪೂರ್ಣ ಎಂಬುದು ಅವನ ತೀರ್ಪು. ಲೇವಡಿಯ ಹೆಸರೇ ನಿಂತಿತು.

ಇದಾದ ಮೇಲೆ ಆ ಚಿತ್ರಕ್ಕೆ ಏನಾಯಿತು? ಎರ್ನೆಸ್ಟ್ ಓಶ್ದೆ ಎಂಬ ಜವಳಿ ಸಾಹುಕಾರ 800 ಫ್ರಾಂಕಿಗೆ ಕೊಂಡ. ಪರವಾಗಿಲ್ಲ ಅನ್ನುವ ಬೆಲೆಯೇ. ಆದರೆ ಓಶ್ದೆ ದಿವಾಳಿಯಾದ. 1878ರ ಜೂನ್‌ನಲ್ಲಿ ಅವನ ಸಂಗ್ರಹವೆಲ್ಲ ಹರಾಜಿಗೆ ಬಂತು. ಈ ಚಿತ್ರ ಹೋದದ್ದು 210 ಫ್ರಾಂಕಿಗೆ. ಕೊಂಡವರು ಜಾರ್ಜ್ ಡಿ ಬೆಲಿಯೊ, ರುಮೇನಿಯಾದಿಂದ ಬಂದು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಹೋಮಿಯೋಪಥಿ ಡಾಕ್ಟರು. ನಾನು ಮೊದಲು ಹೇಳಿದ ಡಾಕ್ಟರು ಇವರೇ.

ಮ್ಯೂಸಿಯಂನಲ್ಲಿ ಪಕ್ಕಪಕ್ಕದ ಚಿತ್ರಗಳ ಕೆಳಗಿನ ಚೀಟಿಗಳನ್ನು ಓದುತ್ತ ಹೋದರೆ ಇವರ ಹೆಸರು ಮತ್ತೆ ಮತ್ತೆ ಬರುತ್ತದೆ. ಹಿಮದಲ್ಲಿ ನಿಂತ ರೈಲಿನ ಚಿತ್ರ ಇವರದು. ಸಾಂ ಲಜಾರ್ ರೈಲ್ವೆ ಸ್ಟೇಷನ್ನಿನ ಹೊರಗಿನ ಸೇತುವೆ, ಹೊಗೆ, ಅದೂ ಇವರದು. (ಆ ಸ್ಟೇಷನ್ ಚಿತ್ರಗಳನ್ನು ಬರೆಯಲು ಹತ್ತಿರದಲ್ಲೇ ಒಂದು ಕೋಣೆಗೆ ಬಾಡಿಗೆ ಕಟ್ಟಿದವನು ಕಾಯ್‌ಬೋತ್ ಎಂಬ ಇನ್ನೊಬ್ಬ ಚಿತ್ರಕಾರ ಗೆಳೆಯ. ಬಾಡಿಗೆ ಎಂಬ ಪದ ಬಂದಲ್ಲೆಲ್ಲ ನನಗೆ ಅಕ್ಕನ ಮುಖ ಕಾಣುತ್ತಿತ್ತು.) ಬೇರೆ ಯಾರೂ ಕೇಳದ ಚಿತ್ರಗಳನ್ನು ಡಾಕ್ಟರು ಕೊಳ್ಳುತ್ತಿದ್ದರು. ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಅವರನ್ನೇ ಕರೆಯುವುದು. ಬಾಡಿಗೆಗೆ, ಅಂಗಡಿಯವನ ಬಾಕಿಗೆ, ಬಣ್ಣಕ್ಕೆ, ಎಲ್ಲಕ್ಕೂ ಮೊನೆ ಅವರಿಗೆ ಕಾಗದ ಬರೆಯುತ್ತಿದ್ದ.

1878ರ ಹೊತ್ತಿಗೆ ಆರ್ಜಾಂತೊಯ್ ಮನೆಯ ಬಾಡಿಗೆಯೂ ಬಾಕಿ ಬಿತ್ತು. ಹಿಂದೊಮ್ಮೆ ಬರೆದು ಮುಗಿಸದೆ ಬಿಟ್ಟಿದ್ದ ದೊಡ್ಡ ಚಿತ್ರವೊಂದನ್ನು ಮನೆ ಮಾಲೀಕನಿಗೆ ಒತ್ತೆ ಇಟ್ಟು ಹೊರಟ. ಮಾಲೀಕ ಅದನ್ನು ನೆಲಮಾಳಿಗೆಯಲ್ಲಿ ಸುರುಳಿ ಸುತ್ತಿಟ್ಟ. ಆರು ವರ್ಷದ ನಂತರ ಮೊನೆ ಬಿಡಿಸಿಕೊಂಡಾಗ ಬೂಷ್ಟು ಹಿಡಿದಿತ್ತು, ಕತ್ತರಿಸಿ ಚೆನ್ನಾಗಿದ್ದ ತುಂಡುಗಳನ್ನಷ್ಟೇ ಉಳಿಸಿಕೊಂಡ. ಆ ತುಂಡುಗಳು ಈಗ ಪ್ಯಾರಿಸ್‌ನ ಓರ್ಸೇ ಮ್ಯೂಸಿಯಂನಲ್ಲಿವೆ.

ಆ ವರ್ಷ ಮಾರ್ಚ್‌ನಲ್ಲಿ ಎರಡನೇ ಮಗ ಮಿಶೆಲ್ ಹುಟ್ಟಿದ್ದ. ಕಮೀಲ್ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಸೆನ್ ನದಿಯ ದಡದ ವೆತೊಯ್ ಎಂಬ ಹಳ್ಳಿಗೆ ಹೋದರು. ದಿವಾಳಿಯಾದ ಓಶ್ದೆಯ ಸಂಸಾರವೂ ಅದೇ ಮನೆಗೆ ಬಂತು: ಅವನ ಹೆಂಡತಿ ಆಲಿಸ್, ಆರು ಮಕ್ಕಳು. ಒಟ್ಟು ಎಂಟು ಮಕ್ಕಳು, ನಾಲ್ವರು ದೊಡ್ಡವರು, ಆದಾಯ ಮೊನೆಯ ಕುಂಚದ್ದು ಮಾತ್ರ. ಓಶ್ದೆ ಹೆಚ್ಚು ಹೊತ್ತು ಪ್ಯಾರಿಸ್‌ನಲ್ಲೇ ಇರುತ್ತಿದ್ದ. ಕಮೀಲ್‌ಳ ಆರೈಕೆ ಮಾಡಿದವಳು ಆಲಿಸ್.

1879ರ ಸೆಪ್ಟೆಂಬರ್ 5ರಂದು ಕಮೀಲ್ ತೀರಿಕೊಂಡಳು. ಮೂವತ್ತೆರಡು ವರ್ಷ. ಅವತ್ತೇ ಮೊನೆ ಡಾಕ್ಟರ್ ಡಿ ಬೆಲಿಯೊಗೆ ಒಂದು ಕಾಗದ ಬರೆದ. ಪ್ಯಾರಿಸ್‌ನ ಗಿರವಿ ಕಚೇರಿಯಲ್ಲಿ ಅವಳದೊಂದು ಲಾಕೆಟ್ ಇದೆ, ದಯವಿಟ್ಟು ಅದನ್ನು ಬಿಡಿಸಿ ತಂದುಕೊಡಿ ಎಂದು. ಅವಳು ಉಳಿಸಿಕೊಳ್ಳಲಾದ ನೆನಪಿನ ವಸ್ತು ಅದೊಂದೇ ಆಗಿತ್ತು. ಮಣ್ಣಿಗೆ ಕಳಿಸುವ ಮೊದಲು ಅದನ್ನು ಅವಳ ಕೊರಳಿಗೆ ಹಾಕಬೇಕೆಂದು ಅವನಿಗಿತ್ತು.

ಇದನ್ನು ನಾನು ಓದಿದ್ದು ಮ್ಯೂಸಿಯಂನ ಬೆಂಚಿನ ಮೇಲೆ ಕೂತು, ಫೋನಿನಲ್ಲಿ. ಚಿತ್ರಗಳ ಕೆಳಗಿನ ಚೀಟಿಗಳಲ್ಲಿ ಡಿ ಬೆಲಿಯೊ ಹೆಸರು ಅಷ್ಟು ಸಲ ಬಂದದ್ದಕ್ಕೆ ಯಾರಿವರು ಎಂದು ಹುಡುಕುತ್ತ ಹೋಗಿ ಸಿಕ್ಕಿದ್ದು. ಗಿರವಿ ಅಂದರೇನೆಂದು ನಮ್ಮಂಥ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಮ್ಮ ಬಳೆ ಬಿಚ್ಚಲು ಸಾಬೂನು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿದ್ದು, ಒಂದು ಬಳೆ ಬರದೆ ಗೆಣ್ಣು ಕೆಂಪಾಗಿದ್ದು, ಅಷ್ಟಕ್ಕೂ ಅವಳು ನನ್ನ ಸೂಟ್‌ಕೇಸಿನ ತೂಕದ ಬಗ್ಗೆಯೇ ಮಾತಾಡುತ್ತಿದ್ದದ್ದು, ಎಲ್ಲ ಒಟ್ಟಿಗೆ ಬಂತು. ಮೊನೆಯನ್ನು ನೋಡಿ ಸಮಾಧಾನ ಮಾಡಿಕೊಳ್ಳಲು ಬಂದವಳಿಗೆ ಕಮೀಲ್ ಕಾಣಿಸಿಕೊಂಡಿದ್ದಳು. ರಿಜೆಕ್ಟ್ ಆದವನು ಮೊನೆ. ಅದರ ಕಂತು ಕಟ್ಟಿದವರು ಬಜೀಲ್, ಅತ್ತೆ, ಕಾಯ್‌ಬೋತ್, ಈ ಡಾಕ್ಟರು, ಮತ್ತು ಲಾಕೆಟ್ ಬಿಚ್ಚಿಕೊಟ್ಟ ಹೆಂಗಸು. ನಾನು ರೀಲ್ಸ್ ನೋಡುವಾಗಲೆಲ್ಲ ನನ್ನನ್ನು ಮೊನೆಯ ಜಾಗದಲ್ಲಿ ಇಟ್ಟುಕೊಂಡಿದ್ದೆ.

ಅವಳು ಹಾಸಿಗೆಯ ಮೇಲೆ ಜೀವ ಬಿಟ್ಟು ಮಲಗಿದ್ದಾಗ ಮೊನೆ ಅವಳ ಚಿತ್ರ ಬರೆದ. ನೀಲಿ, ಬೂದು, ಹಳದಿ ಆಕೆಯ ಮುಖದಲ್ಲಿ ಹೇಗೆ ಬದಲಾಗುತ್ತಿವೆ ಎಂದು ತನ್ನ ಕಣ್ಣು ತಾನಾಗಿಯೇ ಗಮನಿಸುತ್ತಿತ್ತು, ಅದರಿಂದ ತನಗೇ ಹೇಸಿಗೆಯಾಯಿತು ಎಂಬರ್ಥದಲ್ಲಿ ಎಷ್ಟೋ ವರ್ಷದ ನಂತರ ಗೆಳೆಯ ಕ್ಲೆಮಾಂಸೊ ಹತ್ತಿರ ಹೇಳಿಕೊಂಡನಂತೆ. ಆ ಚಿತ್ರವನ್ನು ಮಾರಲಿಲ್ಲ, ಕೊನೆಯವರೆಗೂ ಇಟ್ಟುಕೊಂಡಿದ್ದ.

ಮುಂದಿನದು ಏರುಗತಿಯ ಕಥೆ, ಚುಟುಕಾಗಿ ಹೇಳುತ್ತೇನೆ. 1883ರಲ್ಲಿ ಜಿವರ್ನಿ ಎಂಬ ಹಳ್ಳಿಯಲ್ಲಿ ಬಾಡಿಗೆ ಮನೆ. ಡ್ಯೂರಾಂ ರುಯೆಲ್ 1886ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರದರ್ಶನ ಮಾಡಿದ ಮೇಲೆ ಅಮೆರಿಕದ ಗಿರಾಕಿಗಳು ಬಂದರು. 1890ರಲ್ಲಿ ಆ ಮನೆಯನ್ನೇ 22,000 ಫ್ರಾಂಕಿಗೆ ಕೊಂಡ. ಪಕ್ಕದ ಹೊಲದ ಗೋಧಿ ಬಣವೆಗಳನ್ನು ಬೆಳಿಗ್ಗೆ, ಸಂಜೆ, ಹಿಮದಲ್ಲಿ, ಬಿಸಿಲಲ್ಲಿ ಮತ್ತೆ ಮತ್ತೆ ಬರೆದ. ಬೆಳಕು ಬದಲಾದರೆ ಒಂದು ಕ್ಯಾನ್ವಾಸು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದು. ಅಂಥ ಹದಿನೈದು ಬಣವೆಗಳನ್ನು 1891ರಲ್ಲಿ ಪ್ರದರ್ಶಿಸಿದಾಗ ಕೆಲವೇ ದಿನಗಳಲ್ಲಿ ಮಾರಿಹೋದವು. ಓಶ್ದೆ ಸತ್ತ ಮರುವರ್ಷ, 1892ರಲ್ಲಿ, ಆಲಿಸ್‌ಳನ್ನು ಮದುವೆಯಾದ. 1893ರಲ್ಲಿ ಹೊಸ ಜಾಗ ಕೊಂಡು, ಹಳ್ಳದ ನೀರು ತಿರುಗಿಸಿ ಕೊಳ ಮಾಡಲು ಹೊರಟಾಗ, ಪರದೇಶಿ ಗಿಡಗಳು ನೀರಿಗೆ ವಿಷ ಹಾಕುತ್ತವೆ ಎಂದು ಊರಿನ ರೈತರು ತಕರಾರು ತೆಗೆದರು. ನೀರಿನ ತಕರಾರು ಎಲ್ಲ ಊರಲ್ಲೂ ಒಂದೇ. ಕೊನೆಗೆ ಅನುಮತಿ ಸಿಕ್ಕಿತು. ಕೊಳದಲ್ಲಿ ನೈದಿಲೆ ಬೆಳೆಸಿದ. ನಮ್ಮಲ್ಲಿ ಹಲವರು ಅದನ್ನು ತಾವರೆ ಅನ್ನುತ್ತಾರೆ, ತಾವರೆಯಲ್ಲ, ನೈದಿಲೆ.

ಉಳಿದ ಆಯುಷ್ಯವನ್ನೆಲ್ಲ ಆ ನೈದಿಲೆ ತಿಂದಿತು. ಹೆಸರು, ಹಣ ಎಲ್ಲ ಇದ್ದಾಗಲೂ, 1908ರಲ್ಲಿ ಪ್ರದರ್ಶನಕ್ಕೆ ಸ್ವಲ್ಪ ಮೊದಲು ಹದಿನೈದು ಚಿತ್ರಗಳನ್ನಾದರೂ ತಾನೇ ಹಾಳುಮಾಡಿದ. ಆಗ ಯಾವ ಜ್ಯೂರಿಯೂ ಇರಲಿಲ್ಲ. 1911ರಲ್ಲಿ ಆಲಿಸ್, 1914ರಲ್ಲಿ ಜ್ಯಾನ್ ತೀರಿಕೊಂಡರು. 1912ರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಗೊತ್ತಾಯಿತು. ಆಪರೇಷನ್‌ಗೆ ಹೆದರಿ ಹತ್ತು ವರ್ಷ ತಳ್ಳಿದ. ಬಣ್ಣ ತಪ್ಪಬಾರದೆಂದು ಕೊಳವೆಗಳ ಮೇಲಿನ ಹೆಸರು ನೋಡಿ, ಪ್ಯಾಲೆಟ್ಟಿನ ಮೇಲೆ ಅವು ಕೂರುವ ಜಾಗ ನೆನಪಿಟ್ಟುಕೊಂಡು ಬರೆಯುತ್ತಿದ್ದ. ಮಾರ್ಮೊತ್ತಾಂನಲ್ಲಿ ಜಪಾನಿ ಸೇತುವೆಯ ಕೆಲವು ಚಿತ್ರಗಳಿವೆ. ಅದೇ ಕೊಳ, ಅದೇ ಸೇತುವೆ, ಆದರೆ ಕೆಂಪು, ಕಂದು, ಬೆಂಕಿ ಹತ್ತಿದ ಹಾಗೆ. ಪೊರೆ ಬಂದ ಕಣ್ಣಿಗೆ ನೀಲಿ ಮಸುಕಾಗುತ್ತದೆ. ಅವನ ಕನ್ನಡಕ ಮತ್ತು ಪ್ಯಾಲೆಟ್ ಕೂಡ ಇದೇ ಮ್ಯೂಸಿಯಂನ ಸಂಗ್ರಹದಲ್ಲಿವೆ. 1923ರಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು. ಮೊದಲ ಮಹಾಯುದ್ಧ ನಿಂತ ಮರುದಿನ ದೇಶಕ್ಕೆ ಕೊಡುವುದಾಗಿ ಮಾತು ಕೊಟ್ಟಿದ್ದ ದೊಡ್ಡ ನೈದಿಲೆ ಚಿತ್ರಗಳನ್ನು ತಿದ್ದುತ್ತಲೇ ಇದ್ದ, ಬದುಕಿರುವವರೆಗೆ ಒಪ್ಪಿಸಲಿಲ್ಲ. 1926ರ ಡಿಸೆಂಬರ್ 5ರಂದು ತೀರಿಕೊಂಡಾಗ ಎಂಬತ್ತಾರು ವರ್ಷ. ಮರುವರ್ಷ ಮೇ ತಿಂಗಳಲ್ಲಿ ಪ್ಯಾರಿಸ್‌ನ ಓರಾಂಜರಿಯಲ್ಲಿ ಅವನ್ನು ಜನರಿಗೆ ತೆರೆದರು.

1867ರಲ್ಲಿ ಸಲೂನ್ ತಿರಸ್ಕರಿಸಿದ ತೋಟದ ಹೆಂಗಸರನ್ನು 1921ರಲ್ಲಿ ಫ್ರಾನ್ಸ್ ಸರ್ಕಾರವೇ ಎರಡು ಲಕ್ಷ ಫ್ರಾಂಕಿಗೆ ಕೊಂಡಿತು. ರೀಲ್ಸ್ ಮಾಡುವವರಿಗೆ ಇದು ಹಬ್ಬ. ನನಗೆ ಅನ್ನಿಸಿದ್ದು, ಆ ಹೊತ್ತಿಗೆ ಕಮೀಲ್ ಸತ್ತು ನಲವತ್ತೆರಡು ವರ್ಷ, ಕಂತು ಕಟ್ಟಿದ ಬಜೀಲ್ ಸತ್ತು ಐವತ್ತೊಂದು ವರ್ಷ.

ಇನ್ನು ಆ ಮಗುವಿನ ವಿಷಯ. ಮ್ಯೂಸಿಯಂನಲ್ಲಿ ಒಂದು ಪುಟ್ಟ ಚಿತ್ರವಿದೆ. ಉಣ್ಣೆಯ ಟೊಪ್ಪಿಗೆ, ಅದರ ತುದಿಗೊಂದು ಗೊಂಡೆ, ಕೆಂಪು ಕೆನ್ನೆ. 1880ರ ಮಿಶೆಲ್, ಅಮ್ಮ ಸತ್ತ ಮರುವರ್ಷ. ಈ ಹುಡುಗ ದೊಡ್ಡವನಾಗಿ, ಅಪ್ಪನ ಮನೆ, ತೋಟ, ಉಳಿದ ಚಿತ್ರಗಳೆಲ್ಲಕ್ಕೂ ವಾರಸುದಾರನಾದ. 1966ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಎಂಬತ್ತೇಳು ವರ್ಷ. ಎಲ್ಲವನ್ನೂ ಲಲಿತಕಲಾ ಅಕಾಡೆಮಿಗೆ ಬರೆದಿಟ್ಟಿದ್ದ, ಹಾಗಾಗಿ ಚಿತ್ರಗಳು ಮಾರ್ಮೊತ್ತಾಂಗೆ ಬಂದವು. ಡಾಕ್ಟರ್ ಡಿ ಬೆಲಿಯೊರ ಮಗಳು ಅಪ್ಪನ ಚಿತ್ರಗಳನ್ನು 1940ರಲ್ಲೇ ಇಲ್ಲಿಗೆ ಕೊಟ್ಟಿದ್ದಳು, ಆ 210 ಫ್ರಾಂಕಿನ ಸೂರ್ಯೋದಯವೂ ಸೇರಿ. 1985ರ ಅಕ್ಟೋಬರಿನ ಒಂದು ಭಾನುವಾರ ಬಂದೂಕು ಹಿಡಿದವರು ನುಗ್ಗಿ ಅದನ್ನೂ ಇನ್ನೆಂಟು ಚಿತ್ರಗಳನ್ನೂ ಹೊತ್ತೊಯ್ದರು. ಐದು ವರ್ಷದ ಮೇಲೆ ಕಾರ್ಸಿಕಾ ದ್ವೀಪದಲ್ಲಿ ಸಿಕ್ಕವು.

ಹೊರಗೆ ಬರುವಾಗ ಅಂಗಡಿಯಲ್ಲಿ ಆ ಸೂರ್ಯೋದಯದ ಒಂದು ಪೋಸ್ಟ್‌ಕಾರ್ಡ್ ಕೊಂಡೆ. ಪಾರ್ಕಿನಲ್ಲಿ ಕೂತು ಒಂದು ಪರೀಕ್ಷೆ ಮಾಡಿದೆ. ನೀವೂ ಮಾಡಬಹುದು. ಕಾರ್ಡಿನ ಫೋಟೊ ತೆಗೆದು, ಫೋನಿನಲ್ಲೇ ಕಪ್ಪು ಬಿಳುಪಿಗೆ ತಿರುಗಿಸಿ. ಸೂರ್ಯ ಮಾಯವಾಗುತ್ತಾನೆ! ಅಷ್ಟು ಉರಿಯುವಂತೆ ಕಾಣುವ ಕಿತ್ತಳೆಯೂ ಸುತ್ತಲಿನ ಬೂದು ಆಕಾಶವೂ ಹೊಳಪಿನಲ್ಲಿ ಹೆಚ್ಚುಕಡಿಮೆ ಒಂದೇ. ಬಣ್ಣದಲ್ಲಿ ಮಾತ್ರ ಬೇರೆ. ನಮ್ಮ ಕಣ್ಣಿಗೆ ಆ ಸೂರ್ಯ ಸಣ್ಣಗೆ ಕಂಪಿಸಿದ ಹಾಗೆ ಕಾಣುವುದಕ್ಕೆ ಅದೇ ಕಾರಣವಂತೆ.

ಆಮೇಲೆ ಮನೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆಯಾಗಿತ್ತು. ಎರಡನೇ ರೌಂಡ್ ಯಾವುದೂ ಇರಲಿಲ್ಲ ಎಂದು ಅಮ್ಮನಿಗೆ ಹೇಳಿದೆ. ನಲವತ್ತೊಂದು ಎಂಬ ಲೆಕ್ಕವನ್ನೂ ಹೇಳಿದೆ, ಅಕ್ಕ ಬಾಡಿಗೆ ಕಟ್ಟುತ್ತಿರುವುದನ್ನೂ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಷ್ಟು ದಿನ ಆ ಹುಡುಗಿಗೆ ಭಾರ ಹಾಕಿದ್ದಕ್ಕೆ ಬೈದಳು. ಬಳೆಯ ಬಡ್ಡಿ ಕೊಬ್ಬರಿ ಮಾರಿದಾಗ ಕಟ್ಟಿಯಾಗಿದೆ, ಅದರ ಚಿಂತೆ ನಿನಗೆ ಬೇಡ ಎಂದಳು. ವೀಸಾ ಮುಗಿಯುವ ತಾರೀಖು ಕೇಳಿ ಬರೆದುಕೊಂಡಳು. ಊಟ ಮಾಡಿದೆಯಾ ಎಂದು ಕೇಳಿದಳು. ಇಷ್ಟಾದ ಮೇಲೆ, ಎಲ್ಲಿಗೆ ಹೋಗಿದ್ದೆ ಎಂದಳು.

ಲಾಕೆಟ್ ವಿಷಯ ಹೇಳಿದೆ. ಅವಳು ಕೇಳಿದ್ದು ಒಂದೇ, ಆ ತಬ್ಬಲಿ ಕೂಸು ಏನಾಯಿತು ಎಂದು. ಎಂಬತ್ತೇಳು ವರ್ಷ ಬದುಕಿದ, ಇವತ್ತು ನಾನು ನೋಡಿದ ಚಿತ್ರಗಳಲ್ಲಿ ಹೆಚ್ಚಿನವನ್ನು ಅವನೇ ಕೊಟ್ಟದ್ದು ಎಂದೆ. ಆ ಚಿತ್ರ ನನಗೂ ಕಳಿಸು ಎಂದು ಫೋನ್ ಇಟ್ಟಳು.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಅವಸರದಲ್ಲಿ ಹೋದದ್ದು ಕಪ್ಪು ಬಿಳುಪಿನದು. ಎರಡು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು, ಸೂರ್ಯ ಎಲ್ಲಿ ಅಂತ. ಬಣ್ಣದ್ದನ್ನು ಕಳಿಸಿ ಮೆಟ್ರೊ ಕಡೆ ನಡೆದೆ.